ಕೊಟ್ಟಿಗೆಯ ಮಾಡು ಮತ್ತು ಅಡ್ಡತೊಲೆ

ಮನೆ ಕಟ್ಟಿಸುವವರು ಗೋಡೆಯ ಬಣ್ಣ, ನೆಲದ ಕಲ್ಲು, ಬಾಗಿಲಿನ ಕೆತ್ತನೆ ಇವುಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಮಾಡಿನ ವಿಷಯ ಬಂದಾಗ ಮಾತ್ರ ‘ಅದೆಲ್ಲ ಆಚಾರ್ರಿಗೆ ಗೊತ್ತು’ ಎಂದು ಸುಮ್ಮನಾಗುತ್ತಾರೆ. ವರ್ಷದ ನಾಲ್ಕು ತಿಂಗಳು ಆ ಮಾಡಿನ ಕೃಪೆಯಲ್ಲಿಯೇ ಬದುಕುವ ಮಲೆನಾಡಿಗರಾದ ನಾವು ಕೂಡ ತಲೆಯೆತ್ತಿ ಅದನ್ನು ನೋಡುವುದು ಹಂಚು ಸೋರಿದಾಗ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಮತ್ತು ವಿಜ್ಞಾನ ಪಾಠ ಹೇಳಿದ ನನಗೆ ಮಾಡನ್ನು ನೋಡುವ ಅಭ್ಯಾಸ ಸ್ವಲ್ಪ ಹೆಚ್ಚೇ ಇತ್ತೆನ್ನಬೇಕು. ಪಾಠ ಬೇಸರವಾದಾಗ ಹುಡುಗರ ಕಣ್ಣು ಹೇಗೂ ಮೇಲಕ್ಕೆ ಹೋಗುತ್ತಿತ್ತು. ಹೋದ ಕಣ್ಣನ್ನು ಗದರಿಸಿ ಕೆಳಗಿಳಿಸುವುದಕ್ಕಿಂತ ಅಲ್ಲಿ ಕಾಣುವುದನ್ನೇ ಪಾಠ ಮಾಡುವುದು ಸುಲಭವೆಂದು ನಾನು ಬಹಳ ಬೇಗ ಕಂಡುಕೊಂಡಿದ್ದೆ.

ನಾಲ್ಕು ಬಿದಿರಿನ ಕಡ್ಡಿಗಳ ತುದಿಗೆ ಒಂದೊಂದು ಮೊಳೆ ಹೊಡೆದು ಚೌಕ ಮಾಡಿ ಹುಡುಗರ ಕೈಗೆ ಕೊಡುತ್ತಿದ್ದೆ. ಒಂದು ಮೂಲೆ ಒತ್ತಿದರೆ ಸಾಕು, ಚೌಕ ವಾಲಿ ಮಲಗುತ್ತದೆ. ಒಂದು ಕಡ್ಡಿ ಕಳಚಿ ಮೂರರಿಂದ ತ್ರಿಕೋನ ಮಾಡಿಕೊಟ್ಟರೆ ಎಷ್ಟು ಒತ್ತಿದರೂ ಅದು ಆಕಾರ ಬಿಡುವುದಿಲ್ಲ. ಬಿಡಬೇಕಾದರೆ ಕಡ್ಡಿಯೇ ಮುರಿಯಬೇಕು. ‘ಈಗ ಮೇಲೆ ನೋಡಿ’ ಎನ್ನುತ್ತಿದ್ದೆ. ಸಭಾಂಗಣದ ಮಾಡಿನ ಕೆಳಗೆ ಅಂಥದೇ ತ್ರಿಕೋನಗಳು ಸಾಲಾಗಿ ನಿಂತಿರುತ್ತಿದ್ದವು. ಎಂಜಿನಿಯರರು ಇದನ್ನು ಟ್ರಸ್ ಎನ್ನುತ್ತಾರೆ, ನಮ್ಮ ಆಚಾರ್ರು ಕತ್ತರಿ ಎನ್ನುವುದುಂಟು. ಎರಡು ಕಡೆಯಿಂದ ಏರಿ ನೆತ್ತಿಯಲ್ಲಿ ಕೂಡುವ ಓರೆತೊಲೆಗಳು, ಅವುಗಳ ಬುಡಗಳನ್ನು ಒಂದಕ್ಕೊಂದು ಸೇರಿಸುವ ಅಡ್ಡತೊಲೆ, ನಡುವೆ ಒಂದು ಕಂಬ, ಆ ಕಂಬದ ಬುಡದಿಂದ ಓರೆತೊಲೆಯ ನಡುವಿಗೆ ಚಾಚಿದ ಎರಡು ಆಧಾರದ ಕೈಗಳು. ಇಷ್ಟೇ ಅದರ ಸಂಸಾರ.

ಈ ಸಂಸಾರದಲ್ಲಿ ಯಾರು ಯಾರನ್ನು ಹೊತ್ತಿದ್ದಾರೆ ಎಂದು ಕೇಳಿದರೆ ನೂರಕ್ಕೆ ತೊಂಬತ್ತು ಮಂದಿ ಹೇಳುವುದು ಒಂದೇ ಉತ್ತರ: ಅಡ್ಡತೊಲೆಯ ಮೇಲೆ ಕಂಬ ನಿಂತಿದೆ, ಕಂಬದ ಮೇಲೆ ನೆತ್ತಿ ನಿಂತಿದೆ. ಕಣ್ಣಿಗೆ ಹಾಗೆಯೇ ಕಾಣುತ್ತದೆ. ನಿಜ ಇದಕ್ಕೆ ತದ್ವಿರುದ್ಧ. ಕಂಬ ನೆತ್ತಿಯಿಂದ ಜೋತು ಬಿದ್ದಿದೆ. ಅಡ್ಡತೊಲೆ ತನ್ನ ಭಾರಕ್ಕೆ ನಡುವೆ ಬಾಗದಂತೆ ಅದನ್ನು ಮೇಲಕ್ಕೆ ಎತ್ತಿ ಹಿಡಿದಿದೆ. ನಾನು ಕೆಲಸ ಮಾಡಿದ ಒಂದು ಶಾಲೆಯ ಹಳೆಯ ಸಭಾಂಗಣದಲ್ಲಿ ಕಂಬದ ಬುಡಕ್ಕೂ ಅಡ್ಡತೊಲೆಗೂ ನಡುವೆ ಕೂದಲೆಳೆಯ ಸಂದು ಬಿಟ್ಟು, ಕಬ್ಬಿಣದ ಪಟ್ಟಿಯಿಂದ ತೊಲೆಯನ್ನು ಕಂಬಕ್ಕೆ ನೇತುಹಾಕಿದ್ದರು. ಏಣಿ ಹತ್ತಿದ ಹುಡುಗನೊಬ್ಬ ಅಂಚೆ ಕಾರ್ಡೊಂದನ್ನು ಆ ಸಂದಿನಲ್ಲಿ ತೂರಿಸಿ ಆಚೆಯಿಂದ ಎಳೆದು ತೋರಿಸಿದಾಗ ಇಡೀ ತರಗತಿ ಹೋ ಎಂದಿತ್ತು. ನಿಂತಿರುವ ಕಂಬದ ಅಡಿಯಲ್ಲಿ ಕಾರ್ಡು ತೂರುವುದಾದರೂ ಹೇಗೆ?

ಅಡ್ಡತೊಲೆಯ ಕೆಲಸವೂ ಹೊರುವುದಲ್ಲ, ಹಿಡಿದಿಡುವುದು. ಕಾಲು ಅಗಲಿಸಿ ನಿಂತವನ ಹೆಗಲ ಮೇಲೆ ಮೂಟೆ ಹೇರಿದರೆ ಅವನ ಪಾದಗಳು ನುಣುಪಾದ ನೆಲದಲ್ಲಿ ಇನ್ನಷ್ಟು ಅಗಲಕ್ಕೆ ಜಾರುತ್ತವಲ್ಲ, ಓರೆತೊಲೆಗಳ ಬುಡವೂ ಹಾಗೆಯೇ ಜಾರಲು ನೋಡುತ್ತದೆ. ಎರಡು ಪಾದಗಳಿಗೆ ಹಗ್ಗ ಕಟ್ಟಿದರೆ ಜಾರುವುದು ನಿಲ್ಲುತ್ತದೆ. ಆ ಹಗ್ಗವೇ ಅಡ್ಡತೊಲೆ.

ಈ ಬರಹಕ್ಕೆ ಕಾರಣ ನನ್ನ ತಮ್ಮನ ಮಗ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವನು ತೋಟ ನೋಡಿಕೊಳ್ಳುವುದರ ಜೊತೆಗೆ ನಮ್ಮ ಹಳೆಯ ಕೊಟ್ಟಿಗೆಯನ್ನು ಹೋಂಸ್ಟೇ ಮಾಡಬೇಕೆಂದು ಹೊರಟ. ದನಗಳು ಹೋಗಿ ಹತ್ತು ವರ್ಷದ ಮೇಲಾಯಿತು. ಇದ್ದದ್ದು ಹಳೆಯ ಮರ, ಒಂದಷ್ಟು ಇಲಿ, ಮತ್ತು ಉಪಯೋಗಕ್ಕೆ ಬಂದೀತೆಂದು ಎಂದೋ ಎತ್ತಿಟ್ಟು ಮರೆತ ಸಾಮಾನು. ಆ ಕೊಟ್ಟಿಗೆ ನನ್ನ ಅಜ್ಜನ ಕಾಲದಲ್ಲಿ ಸೋಗೆಯ ಮಾಡಿನದಾಗಿತ್ತು. ಹಂಚು ಹೊದಿಸಿದ್ದು ನನ್ನ ತಂದೆಯವರು.

ಹಂಚಿನ ಕಥೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದಕ್ಕೊಂದು ಕೊಂಡಿಯಂತೆ ಕೂರುವ ಹಂಚಿಗೆ ಫ್ರಾನ್ಸಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದಿಯ ಜೇಡಿಮಣ್ಣು ಅಲ್ಲಿಯೇ ಇತ್ತು, ಸುಡಲು ಸೌದೆ ಘಟ್ಟದಿಂದ ಇಳಿಯುತ್ತಿತ್ತು. ಮಂಗಳೂರು ಹಂಚು ಎಂಬ ಹೆಸರು ಆಮೇಲೆ ಹಡಗು ಹತ್ತಿ ದೂರದ ದೇಶಗಳಿಗೂ ಹೋಯಿತು. ಸೋಗೆಯ ಮಾಡಿಗೆ ಪ್ರತಿವರ್ಷ ಹೊದಿಕೆ ಬದಲಿಸಬೇಕು, ಬೆಂಕಿಯ ಭಯ ಬೇರೆ. ಹಂಚು ಆ ಎರಡು ಕಷ್ಟಗಳಿಂದ ಬಿಡುಗಡೆ ಕೊಟ್ಟಿತು. ಆದರೆ ಬಿಡುಗಡೆಗೆ ಬೆಲೆ ಕೊಡಬೇಕಾದದ್ದು ಮರ. ಒಂದು ಹಂಚು ಎರಡರಿಂದ ಮೂರು ಕಿಲೋ ತೂಗುತ್ತದೆ. ಚದರ ಮೀಟರಿಗೆ ಹದಿನೈದು ಹಂಚು ಬೇಕು. ಮಳೆಯಲ್ಲಿ ನೆನೆದ ಹಂಚು ಇನ್ನೂ ಭಾರ. ರೀಪು ಸೇರಿಸಿ ಚದರ ಮೀಟರಿಗೆ ಸುಮಾರು 65 ಕಿಲೋ ಎಂದು ಲೆಕ್ಕ ಹಿಡಿಯಬೇಕೆಂದು ನಮ್ಮ ಭಾರತೀಯ ಮಾನಕಗಳು ಹೇಳುತ್ತವೆ. ಸೋಗೆಯ ನೀರು ಬೇಗ ಇಳಿಯಲೆಂದು ಮಾಡನ್ನು ಕಡಿದಾಗಿ ಏರಿಸುತ್ತಿದ್ದವರು ಹಂಚು ಬಂದ ಮೇಲೆ 30 ಡಿಗ್ರಿಯ ಆಸುಪಾಸಿಗೆ ತಗ್ಗಿಸಿದರು. ಭಾರ ಹೆಚ್ಚಿತು, ಇಳಿಜಾರು ಕಡಿಮೆಯಾಯಿತು. ಎರಡೂ ಸೇರಿ ಅಡ್ಡತೊಲೆಯ ಮೇಲಿನ ಎಳೆತವನ್ನು ಹೆಚ್ಚಿಸಿದವು. ಇದನ್ನು ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ತಮ್ಮನ ಮಗ ಒಂದು ಸಂಜೆ ಮೊಬೈಲಿನಲ್ಲಿ ಚಿತ್ರವೊಂದನ್ನು ಹಿಡಿದು ಬಂದ. ಅಮೆರಿಕದ ಯಾವುದೋ ಹೊಲದ ಮಧ್ಯದ ಕೆಂಪು ಬಣ್ಣದ ಕೊಟ್ಟಿಗೆ. ಮಾಡು ಎರಡು ಮಡಿಕೆಯದು: ಮೇಲಿನ ಭಾಗ ಮೆಲ್ಲಗೆ ಇಳಿದು, ನಡುವೆ ಮೊಣಕಾಲು ಮಡಚಿದಂತೆ ಮುರಿದು, ಕೆಳಗಿನ ಭಾಗ ಕಡಿದಾಗಿ ಇಳಿಯುತ್ತದೆ. ಒಳಗೆ ದೇವಸ್ಥಾನದ ಪ್ರಾಂಗಣದಂಥ ಎತ್ತರ, ನಡುವೆ ಒಂದು ತೊಲೆಯೂ ಕಾಣದ ಖಾಲಿ ಜಾಗ.

“ದೊಡ್ಡಪ್ಪಾ, ನಮ್ಮ ಕೊಟ್ಟಿಗೆ ಒಳಗೆ ಹೋದ್ರೆ ಗುಹೆ ಹೊಕ್ಕ ಹಾಗೆ ಆಗ್ತದೆ. ಗೋಡೆ ಏಳೇ ಅಡಿ. ಆ ಅಡ್ಡತೊಲೆ, ಅಟ್ಟ ಎಲ್ಲ ತೆಗೆದುಬಿಟ್ರೆ ನೆತ್ತಿವರೆಗೆ ತೆರೆದ ಹಾಗೆ ಇರ್ತದೆ. ಇದ್ರಲ್ಲಿ ನೋಡಿ, ಇವರಿಗೆ ಅಡ್ಡತೊಲೆಯೇ ಇಲ್ಲ!”

ಚಿತ್ರವನ್ನು ದೊಡ್ಡದು ಮಾಡಿಸಿ ನೋಡಿದೆ. ಅಡ್ಡತೊಲೆ ಇತ್ತು. ಚಿತ್ರ ತೆಗೆದವನು ಅದರ ಮೇಲೆಯೇ ನಿಂತಿದ್ದ. ಅಂಥ ಕೊಟ್ಟಿಗೆಗಳಲ್ಲಿ ಕೆಳಗೆ ದನ, ಮೇಲೆ ಹುಲ್ಲು. ಚಳಿಗಾಲವಿಡೀ ಬೇಕಾಗುವ ಹುಲ್ಲನ್ನು ತುಂಬಲು ಮೇಲೆ ಆದಷ್ಟು ಜಾಗ ಬೇಕೆಂದೇ ಮಾಡನ್ನು ಹಾಗೆ ಮಡಚಿದ್ದು. ಹುಲ್ಲು ಹೊರುವ ಅಟ್ಟದ ನೆಲದ ತೊಲೆಗಳೇ ಸಾಮಾನ್ಯವಾಗಿ ಮಾಡಿನ ಬುಡಗಳನ್ನು ಹಿಡಿದಿಡುತ್ತವೆ. ಮಡಿಕೆಯಿರುವಲ್ಲಿ ಬದಿಗೆ ಒತ್ತಿ ಓರೆ ಕೈಗಳು, ಹಲಗೆಯ ತುಂಡುಗಳು ಬೇರೆ ಇರುತ್ತವೆ. ಅವರು ಅಡ್ಡತೊಲೆಯನ್ನು ಬಿಟ್ಟುಕೊಟ್ಟಿಲ್ಲ, ಕಾಲಡಿಗೆ ಹಾಕಿಕೊಂಡಿದ್ದಾರೆ ಅಷ್ಟೆ. ಇದನ್ನು ಹೇಳಿದಾಗ ಅವನ ಮುಖ ಸಣ್ಣದಾಯಿತು. ಆದರೆ ಬಾಯಿ ಮಾತಿಗೆ ಒಪ್ಪುವ ಹುಡುಗನಲ್ಲ, ಒಪ್ಪಬಾರದು ಕೂಡ. “ಲೆಕ್ಕ ಹಾಕಿ ತೋರಿಸಿ” ಎಂದ.

ಲೆಕ್ಕ ಬೇಡವೆನ್ನುವ ಓದುಗ ಮಿತ್ರರು ಮುಂದಿನ ಎರಡು ಪ್ಯಾರಾಗಳನ್ನು ದಾಟಿ ಹೋಗಬಹುದು. ಆದರೆ ಇದು ಹತ್ತನೆಯ ತರಗತಿಯ ತ್ರಿಕೋನಮಿತಿಗಿಂತ ಹೆಚ್ಚಿನದೇನಲ್ಲ.

ಕೊಟ್ಟಿಗೆಯ ಅಗಲ 6 ಮೀಟರ್, ಅಂದರೆ ಇಪ್ಪತ್ತು ಅಡಿ. ಉದ್ದ ನಲವತ್ತು ಅಡಿ. ಎರಡು ತುದಿಗಳಲ್ಲಿ ನೆತ್ತಿಯವರೆಗೆ ಏರಿದ ಗೋಡೆ, ನಡುವೆ 3 ಮೀಟರಿಗೊಂದರಂತೆ ಮೂರು ಕತ್ತರಿ. ಇಳಿಜಾರು 30 ಡಿಗ್ರಿ. ಹಂಚು ಮತ್ತು ರೀಪಿನ 65 ಕಿಲೋ ಓರೆಯ ಮೇಲಿನ ಅಳತೆ; ನೆಲದ ಅಳತೆಗೆ ತಿರುಗಿಸಿದರೆ 75 ಆಗುತ್ತದೆ. ಪಕಾಸಿ, ತೊಲೆಗಳಿಗೆ 15 ಸೇರಿಸಿ. ಹಂಚು ಸರಿಪಡಿಸಲು ಜನ ಹತ್ತುತ್ತಾರೆ, ಅದಕ್ಕೆ ಮಾನಕ ಹೇಳುವಂತೆ 40. ಒಟ್ಟು 130 ಕಿಲೋ. ಒಂದು ಕತ್ತರಿ ಹೊರಬೇಕಾದ ನೆಲದ ಅಳತೆ 6 ಗುಣಿಸು 3, ಅಂದರೆ 18 ಚದರ ಮೀಟರ್. ಭಾರ 2,340 ಕಿಲೋ. ಆಧಾರದ ಕೈಗಳಿಲ್ಲದ ಬರೀ ಎರಡು ಓರೆತೊಲೆಗಳು ಇದನ್ನು ಹೊತ್ತರೆ ಬುಡ ಹೊರಕ್ಕೆ ಒತ್ತುವ ಬಲವೆಷ್ಟು? ಒಟ್ಟು ಭಾರವನ್ನು ಇಳಿಜಾರಿನ ಟ್ಯಾಂಜೆಂಟಿನ ನಾಲ್ಕರಷ್ಟರಿಂದ ಭಾಗಿಸಬೇಕು. 30 ಡಿಗ್ರಿಯ ಟ್ಯಾಂಜೆಂಟ್ 0.577. ಬರುವ ಉತ್ತರ 1,014 ಕಿಲೋ. ಒಂದು ಟನ್ನು ಎಂದಿಟ್ಟುಕೊಳ್ಳಿ. ಇದೇ ಭಾರಕ್ಕೆ ಮಾಡು 45 ಡಿಗ್ರಿಯದಾಗಿದ್ದರೆ 585 ಕಿಲೋ ಸಾಕಿತ್ತು. 20 ಡಿಗ್ರಿಗೆ ಮಲಗಿಸಿದರೆ 1,600 ದಾಟುತ್ತದೆ. ತಗ್ಗಾದ ಮಾಡು ನೋಡಲು ಸಾಧು, ಬುಡದಲ್ಲಿ ಅದರದೇ ಹೆಚ್ಚು ಹಟ.

ಈಗ ಅಡ್ಡತೊಲೆ ತೆಗೆದರೆ ಆ ಒಂದು ಟನ್ನನ್ನು ಗೋಡೆಯೇ ತಡೆಯಬೇಕು. ನಮ್ಮದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಎತ್ತರ 2.1 ಮೀಟರ್. ಒಂದು ಕತ್ತರಿಯ ಪಾಲಿಗೆ ಬರುವ ಮೂರು ಮೀಟರ್ ಉದ್ದದ ಗೋಡೆ ಸುಮಾರು 5,100 ಕಿಲೋ ತೂಗುತ್ತದೆ. ಕೇಳಿದರೆ ಧೈರ್ಯ ಬರುವಂಥ ತೂಕ. ಆದರೆ ಗೋಡೆಯನ್ನು ಉರುಳಿಸುವುದು ತೂಕವನ್ನು ಎತ್ತಿ ಅಲ್ಲ, ಮೀಟಿ. ನೆತ್ತಿಯಿಂದ ಇಳಿದ ಒತ್ತಡ 2.1 ಮೀಟರ್ ಎತ್ತರದಲ್ಲಿ ನಿಂತು ನೂಕುತ್ತದೆ: 1,014 ಗುಣಿಸು 2.1, ಅಂದರೆ 2,129. ತಡೆಯುವ ತೂಕಕ್ಕೆ ಸಿಗುವ ಸನ್ನೆ ಗೋಡೆಯ ಅರ್ಧ ದಪ್ಪ, 22.5 ಸೆಂಟಿಮೀಟರ್ ಮಾತ್ರ. ಗೋಡೆಯ ಭಾರ, ಅದರ ಮೇಲಿನ ಮಾಡಿನ ಅರ್ಧ ಭಾರ ಎರಡನ್ನೂ ಸೇರಿಸಿದರೂ ಬರುವುದು 1,411. ನೂಕುವುದು 2,129, ತಡೆಯುವುದು 1,411. ಗೋಡೆ ಬೀಳುತ್ತದೆ. ಇಂದೇ ಬೀಳಬೇಕೆಂದಿಲ್ಲ, ತುದಿಯ ಗೋಡೆಗಳು ಒಂದಷ್ಟು ಹಿಡಿದಾವು, ಮಳೆಯಲ್ಲಿ ಮಾಡಿನ ಮೇಲೆ ಯಾವಾಗಲೂ ಜನ ಹತ್ತಿರುವುದಿಲ್ಲ. ಆದರೆ ಒಂದಲ್ಲ ಒಂದು ಆಷಾಢದಲ್ಲಿ, ಗೋಡೆಯ ಬುಡ ನೆನೆದ ರಾತ್ರಿ, ಒಳಗೆ ಯಾರದೋ ಮಕ್ಕಳು ಮಲಗಿರುವಾಗ.

ಇದನ್ನು ನಾನು ಬರಿಯ ಕಾಗದದ ಮೇಲೆ ಕಲಿತದ್ದಲ್ಲ. 1983ರಲ್ಲಿ, ಆಗ ನಾನಿದ್ದ ಶಾಲೆಯಲ್ಲಿ, ಸಭಾಂಗಣದ ವೇದಿಕೆ ಸರಿಪಡಿಸಲು ಬಂದ ಗುತ್ತಿಗೆದಾರನೊಬ್ಬ ಪರದೆಯ ಕೊಳವೆಗೆ ಅಡ್ಡವಾಗುತ್ತದೆಂದು ಒಂದು ಅಡ್ಡತೊಲೆಯನ್ನು ಗರಗಸ ಹಾಕಿ ಕೊಯ್ದುಬಿಟ್ಟ. ಕೊಯ್ದಾಗ ಏನೂ ಆಗಲಿಲ್ಲ. ಏನೂ ಆಗದಿರುವುದೇ ಇಂಥ ವಿಷಯಗಳಲ್ಲಿ ದೊಡ್ಡ ಮೋಸ. ಸಭಾಂಗಣದ ಆ ತುದಿಯಲ್ಲಿ ತಡಿಕೆ ಕಟ್ಟಿ ಒಂಬತ್ತನೆಯ ತರಗತಿ ನಡೆಸುತ್ತಿದ್ದೆವು. ಗೋಡೆಯ ಸುಣ್ಣದಲ್ಲಿ ಉದ್ದಕ್ಕೆ ಬಿರುಕು ಕಂಡಾಗ ನಾನು ಹುಡುಗರ ಕೈಯಲ್ಲಿ ತೂಗುಗುಂಡು ಬಿಡಿಸಿದೆ. ಗೋಡೆಯ ತಲೆ ಬುಡಕ್ಕಿಂತ ಒಂದೂವರೆ ಇಂಚು ಹೊರಗಿತ್ತು. ದಿನವೂ ಬೆಳಗಿನ ಪ್ರಾರ್ಥನೆಯಾದ ಮೇಲೆ ಅಳೆದು ಬರೆದುಕೊಳ್ಳತೊಡಗಿದೆವು. ಮಳೆ ಹಿಡಿದ ಎರಡನೆಯ ವಾರಕ್ಕೆ ಅದು ಎರಡೂಕಾಲು ಇಂಚಾಯಿತು. ಆ ನೋಟುಪುಸ್ತಕ ಹಿಡಿದು ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ. ಅವರು ಸಂಸ್ಕೃತ ಪಂಡಿತರು, ಟ್ಯಾಂಜೆಂಟಿಗೂ ಅವರಿಗೂ ದೂರ. ಅಂಕಿಗಳನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿ, “ಇದು ನಿಂತಿಲ್ಲ, ನಡೆಯುತ್ತಿದೆ” ಎಂದರು. ಮೇಲಿನವರ ಅನುಮತಿಗೆ ಕಾಯದೆ ಮಧ್ಯಾಹ್ನದೊಳಗೆ ತರಗತಿಯನ್ನು ಜಗಲಿಗೆ ಸಾಗಿಸಿದರು. ಹನ್ನೊಂದನೆಯ ದಿನ ರಾತ್ರಿ ಆ ಭಾಗದ ಗೋಡೆ ಹಂಚುಗಳ ಸಮೇತ ಕುಸಿಯಿತು. ಬೆಳಗ್ಗೆ ಬಂದು ನೋಡಿದಾಗ ಸಾಗಿಸಲಾಗದೆ ಬಿಟ್ಟಿದ್ದ ನಾಲ್ಕು ಬೆಂಚುಗಳ ಮೇಲೆ ಓರೆತೊಲೆ ಅಡ್ಡ ಮಲಗಿತ್ತು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಆ ಮಧ್ಯಾಹ್ನ ಜಗಲಿಗೆ ಹೋದ ಹುಡುಗರಲ್ಲಿ ಹಲವರು ಈಗ ಅಜ್ಜಂದಿರು.

ತಮ್ಮನ ಮಗನಿಗೆ ಈ ಕಥೆ ಹೊಸದು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಹಾಗಾದ್ರೆ ಗುಹೆಯೇ ಗತಿಯಾ?” ಎಂದ.

ಗತಿ ಇತ್ತು. ಅದನ್ನು ಹೇಳುವ ಮೊದಲು ನಮ್ಮ ಆಚಾರ್ರನ್ನು ಕರೆಸಿದೆವು. ವಯಸ್ಸು ಎಪ್ಪತ್ತರ ಹತ್ತಿರ. ಅವರ ತಂದೆಯವರೇ ನಮ್ಮ ಕೊಟ್ಟಿಗೆಯ ಮರಗೆಲಸ ಮಾಡಿದ್ದು. ಬಂದವರು ಮಾತಾಡದೆ ಏಣಿ ಇಟ್ಟು ಅಡ್ಡತೊಲೆಯ ತುದಿಯನ್ನು ಕೈಯಿಂದ ಸವರಿದರು. ಓರೆತೊಲೆಯ ಬುಡ ಅಡ್ಡತೊಲೆಯಲ್ಲಿ ಕೂರಲು ಕಚ್ಚು ಕೊಯ್ದಿರುತ್ತಾರೆ. ಆ ಕಚ್ಚಿನಿಂದಾಚೆಗೆ ಮರ ಎಷ್ಟು ಉಳಿದಿದೆ ಎಂಬುದನ್ನು ಅವರು ನೋಡುತ್ತಿದ್ದರು.

“ಅಪ್ಪಯ್ಯ ಒಂದು ಗೇಣು ಬಿಟ್ಟಿದಾರೆ ಮೇಷ್ಟ್ರೇ. ಇಲ್ಲಿ ಗೇಣು ಬಿಡದಿದ್ರೆ ಮೂತಿ ಸೀಳಿ ಹೋಗ್ತದೆ.”

ಅದನ್ನೂ ಲೆಕ್ಕ ಹಾಕಿದೆ. ನಮ್ಮ ಅಡ್ಡತೊಲೆ ನಾಲ್ಕು ಇಂಚು ಅಗಲ, ಎಂಟು ಇಂಚು ಆಳದ್ದು. ಒಂದು ಟನ್ನಿನ ಎಳೆತ ಅದಕ್ಕೆ ಏನೇನೂ ಅಲ್ಲ. ಚದರ ಸೆಂಟಿಮೀಟರಿಗೆ ಐದು ಕಿಲೋ ಬಿದ್ದೀತು. ಆದರೆ ಮರ ನಾರಿನ ಉದ್ದಕ್ಕೆ ಸುಲಭವಾಗಿ ಸೀಳುವ ವಸ್ತು. ಸೌದೆ ಒಡೆದವರಿಗೆಲ್ಲ ಗೊತ್ತು. ಕಚ್ಚಿನ ಹೊರಗೆ ಉಳಿದ ತುಂಡು ನಾರಿನ ಉದ್ದಕ್ಕೆ ಜಾರಿ ಕಳಚಿಕೊಳ್ಳಲು ನೋಡುತ್ತದೆ. ಅಲ್ಲಿ ಚದರ ಸೆಂಟಿಮೀಟರಿಗೆ ಹತ್ತು ಕಿಲೋದಷ್ಟೇ ನಂಬಬಹುದೆಂದು ಹಿಡಿದರೆ, ಹತ್ತು ಸೆಂಟಿಮೀಟರ್ ಅಗಲದ ತೊಲೆಗೆ ಕನಿಷ್ಠ ಹತ್ತು ಸೆಂಟಿಮೀಟರ್ ಉದ್ದ ಬೇಕು. ಗೇಣೆಂದರೆ ಇಪ್ಪತ್ತೆರಡು. ಎರಡರಷ್ಟು ಭದ್ರತೆ. ಟ್ರಸ್ಸಿನ ಅಳತೆಯೆಂದರೆ ಎಲ್ಲರೂ ತೊಲೆಯ ದಪ್ಪ ಕೇಳುತ್ತಾರೆ. ಬಹಳ ಸಲ ಅಳತೆ ನಿರ್ಧಾರವಾಗುವುದು ಕೂಡುವ ಜಾಗದಲ್ಲಿ.

ಹಾಗಾದರೆ ಎಂಟು ಇಂಚಿನ ಆಳ ಏಕೆ? ಹುಲ್ಲಿಗಾಗಿ. ಅಟ್ಟದ ಮೇಲೆ ಹುಲ್ಲಿನ ಹೊರೆ ಪೇರಿಸುತ್ತಿದ್ದರು. ಆ ಭಾರ ತೊಲೆಯನ್ನು ನಡುವೆ ಬಗ್ಗಿಸುತ್ತದೆ. ಬಗ್ಗುವುದನ್ನು ತಡೆಯಲು ಅಗಲಕ್ಕಿಂತ ಆಳ ಮುಖ್ಯ. ಮರದ ಅಡಿಪಟ್ಟಿಯನ್ನು ಮಲಗಿಸಿ ಹಿಡಿದರೆ ಬಳುಕುತ್ತದೆ, ಅಂಚಿನ ಮೇಲೆ ನಿಲ್ಲಿಸಿದರೆ ಬಳುಕುವುದಿಲ್ಲ. ಅಗಲ ಎರಡರಷ್ಟಾದರೆ ಬಲ ಎರಡರಷ್ಟು. ಆಳ ಎರಡರಷ್ಟಾದರೆ ಬಲ ನಾಲ್ಕರಷ್ಟು, ಬಾಗುವುದು ಎಂಟನೆಯ ಒಂದು ಪಾಲು. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ತನ್ನ ಕೊನೆಯ ಗ್ರಂಥದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾನೆ. ಹಾಗೆಂದು ಆಳವನ್ನೇ ಹೆಚ್ಚಿಸುತ್ತ ಹೋದರೆ ದುಂಡು ದಿಮ್ಮಿಯಲ್ಲಿ ಅಗಲ ಸಿಗುವುದಿಲ್ಲ. ದಿಮ್ಮಿಯಿಂದ ಅತ್ಯಂತ ಬಲವಾದ ತೊಲೆ ಕೊಯ್ಯಬೇಕಾದರೆ ಅದರ ವ್ಯಾಸವನ್ನು ಮೂರು ಸಮಭಾಗ ಮಾಡಿ, ಎರಡು ಬಿಂದುಗಳಿಂದ ಒಂದು ಮೇಲಕ್ಕೆ ಒಂದು ಕೆಳಕ್ಕೆ ಲಂಬ ಎಳೆದು, ಲಂಬಗಳು ಸುತ್ತನ್ನು ಮುಟ್ಟುವಲ್ಲಿಗೆ ವ್ಯಾಸದ ತುದಿಗಳನ್ನು ಸೇರಿಸಬೇಕು. ಸಿಗುವ ಆಯತದಲ್ಲಿ ಅಗಲ 5 ಆದರೆ ಆಳ 7ಕ್ಕೆ ತುಸು ಹೆಚ್ಚು. ಅತಿ ಕಡಿಮೆ ಬಾಗುವ ತೊಲೆ ಬೇಕಾದರೆ ಮೂರರ ಬದಲು ನಾಲ್ಕು ಭಾಗ ಮಾಡಿ ಎರಡು ಕೊನೆಯ ಬಿಂದುಗಳನ್ನು ಹಿಡಿಯಬೇಕು. ಇದನ್ನು ಹುಡುಗರಿಂದ ಸಾಧಿಸಿ ತೋರಿಸುವುದು ನನ್ನ ಮೆಚ್ಚಿನ ಪಾಠವಾಗಿತ್ತು. ಆಚಾರ್ರಿಗೆ ನೆಲದ ಮೇಲೆ ಗೆರೆ ಎಳೆದು ತೋರಿಸಿದಾಗ, “ಇಷ್ಟೆಲ್ಲ ಗೆರೆ ಎಳೆಯೋ ಹೊತ್ತಿಗೆ ಅಪ್ಪಯ್ಯ ದಿಮ್ಮಿ ಕೊಯ್ದು ಮುಗಿಸ್ತಿದ್ರು” ಎಂದು ನಕ್ಕರು. ಅವರ ಅಪ್ಪಯ್ಯ ಮಾಡಿದ ಓರೆತೊಲೆ ಅಳೆದೆವು: ನಾಲ್ಕು ಇಂಚು ಅಗಲ, ಆರು ಇಂಚು ಆಳ.

ಈಗ ಹುಲ್ಲು ಇಲ್ಲ. ಆದ್ದರಿಂದ ಅಡ್ಡತೊಲೆಗೆ ಉಳಿದಿರುವುದು ಎಳೆತವೊಂದೇ. ಎಳೆತಕ್ಕೆ ಮರವೇ ಬೇಕೆಂದಿಲ್ಲ, ಹಗ್ಗ ಸಾಕೆಂದು ಆಗಲೇ ಹೇಳಿದೆನಲ್ಲ. ಹಗ್ಗದ ಬದಲು ಕಬ್ಬಿಣದ ಸರಳು. 16 ಮಿಲಿಮೀಟರಿನ ಸರಳು, ಮರೆ ಕೊಯ್ದ ಜಾಗದಲ್ಲಿ ಸಣ್ಣಗಾದರೂ, ಒಂದೂವರೆ ಟನ್ನಿಗೂ ಹೆಚ್ಚು ಎಳೆತವನ್ನು ನಿಶ್ಚಿಂತೆಯಾಗಿ ತಾಳುತ್ತದೆ. ನಮ್ಮ ಮಳೆಯಲ್ಲಿ ತುಕ್ಕು ಹಿಡಿಯುವುದನ್ನು ನೆನೆದು 20 ಮಿಲಿಮೀಟರಿನದು ಎಂದು ನಿಶ್ಚಯಿಸಿದೆವು. ನೂರು ಕಿಲೋದ ಮರದ ತೊಲೆಯ ಬದಲು ಹದಿನಾರು ಕಿಲೋದ ಸರಳು. ಕೆಳಗಿನಿಂದ ನೋಡಿದರೆ ಬಟ್ಟೆ ಒಣಗಿಸುವ ತಂತಿಯಷ್ಟು ಕಾಣುತ್ತದೆ. ಗುಹೆಯ ಮಾತು ಅಲ್ಲಿಗೆ ಮುಗಿಯಿತು.

ಆದರೆ ನಡುಗಂಬವನ್ನೂ ಆಧಾರದ ಕೈಗಳನ್ನೂ ತೆಗೆದರೆ ಓರೆತೊಲೆಯ ನಡುವಿಗೆ ದಿಕ್ಕಿರುವುದಿಲ್ಲ. ಆ ನಡುವಿನ ಮೇಲೆಯೇ ಕೊಟ್ಟಿಗೆಯ ಉದ್ದಕ್ಕೆ ಹಾಯ್ದ ತೊಲೆ ಕೂತಿದೆ, ಪಕಾಸಿಗಳ ಭಾರವನ್ನೆಲ್ಲ ಅಲ್ಲಿ ಇಳಿಸುತ್ತದೆ. ಲೆಕ್ಕ ಹಾಕಿದರೆ ಆರು ಇಂಚಿನ ಓರೆತೊಲೆಯಲ್ಲಿ ಬಾಗುವ ಒತ್ತಡ ಚದರ ಸೆಂಟಿಮೀಟರಿಗೆ 117 ಕಿಲೋ ಬಂತು. ಒಳ್ಳೆಯ ಮತ್ತಿಮರ ತನ್ನ ಯೌವನದಲ್ಲಿ ತಾಳೀತು. ಗಂಟು, ಹುಳ ಕೊರೆದ ತೂತುಗಳಿರುವ ಅರುವತ್ತು ವರ್ಷದ ಮರದ ಕೆಳಗೆ ನಾನಂತೂ ಮಲಗಲಾರೆ. ಎಂಟು ಇಂಚಿನದಾಗಿದ್ದರೆ ಅದೇ ಒತ್ತಡ 66ಕ್ಕೆ ಇಳಿಯುತ್ತಿತ್ತು. ಎರಡೇ ಇಂಚಿನ ಆಳಕ್ಕೆ ಹೆಚ್ಚುಕಡಿಮೆ ಅರ್ಧ.

ಹೊಸ ಮರ ಕೊಳ್ಳುವ ಮಾತು ಬಂದಾಗ ಆಚಾರ್ರು ಅಡ್ಡತೊಲೆಯನ್ನು ತಟ್ಟಿದರು. “ಇದನ್ನ ಕೆಳಗಿಳಿಸ್ತೀರಲ್ಲ, ನಡು ಕೊಯ್ದು ಎರಡು ಮಾಡಿ, ಓರೆತೊಲೆಯ ಪಕ್ಕಕ್ಕೆ ಬೋಲ್ಟ್ ಹಾಕಿ ಕೂರಿಸುವ.” ಅರ್ಧ ಮಾಡಿದ ತುಂಡು ಓರೆತೊಲೆಯ ಪೂರ್ತಿ ಉದ್ದಕ್ಕೆ ಸಾಲುವುದಿಲ್ಲ, ಎರಡು ತುದಿಯಲ್ಲಿ ಒಂದಿಷ್ಟು ಕಡಿಮೆ ಬೀಳುತ್ತದೆ. ನಾನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ, “ತುದಿಯಲ್ಲಿ ಬಾಗುವುದುಂಟಾ ಮೇಷ್ಟ್ರೇ, ಬಾಗುವುದು ನಡುವಲ್ಲಿ” ಎಂದರು. ಬಾಗುವ ಒತ್ತಡದ ನಕ್ಷೆ ಬರೆದರೆ ನಡುವೆ ಶಿಖರ, ಎರಡು ತುದಿಗಳಲ್ಲಿ ಸೊನ್ನೆ. ಅವರು ಆ ನಕ್ಷೆಯನ್ನು ಎಂದೂ ನೋಡಿದವರಲ್ಲ.

ನಮ್ಮ ಲೆಕ್ಕವನ್ನು ಶಿವಮೊಗ್ಗದ ಎಂಜಿನಿಯರರೊಬ್ಬರಿಗೆ ತೋರಿಸಿದೆವು. ಮನೆಮಾತು ಎಷ್ಟೇ ಸರಿಯಿದ್ದರೂ ಜನ ಮಲಗುವ ಕಟ್ಟಡಕ್ಕೆ ಅಧಿಕೃತರ ಕಣ್ಣು ಬೇಕು. ಅವರು ಎರಡು ಸೇರಿಸಿದರು: ಓರೆತೊಲೆಯ ಬುಡಕ್ಕೆ ಕಬ್ಬಿಣದ ಪಾದುಕೆ, ಮತ್ತು ಮಾಡಿನ ಓರೆಯಲ್ಲಿ ಕತ್ತರಿಗಳ ನಡುವೆ ಮೂಲೆಯಿಂದ ಮೂಲೆಗೆ ಪಟ್ಟಿ. ಒಂದೊಂದು ಕತ್ತರಿ ತನ್ನ ಮಟ್ಟಿಗೆ ಗಟ್ಟಿಯಿದ್ದರೂ ಗಾಳಿಗೆ ಎಲ್ಲವೂ ಒಟ್ಟಾಗಿ ಪುಸ್ತಕಗಳ ಸಾಲಿನಂತೆ ಒಂದೇ ಕಡೆ ಮಲಗಬಾರದಲ್ಲ. ಹೊರಡುವಾಗ, “ಹಂಚನ್ನೇ ಇಟ್ಟುಕೊಳ್ಳುತ್ತೀರಿ ತಾನೇ? ತಗಡು ಹಾಕುವುದಾದರೆ ಈ ಸರಳಿನ ಲೆಕ್ಕ ಬೇರೆ” ಎಂದರು.

ಅದು ದೊಡ್ಡ ಮಾತು. ನಮ್ಮ ಕಡೆ ಈಗ ಅಡಿಕೆ ಅಂಗಳಗಳ ಮೇಲೆಲ್ಲ ಕಬ್ಬಿಣದ ಕೊಳವೆಯ ಚೌಕಟ್ಟು, ಬಣ್ಣದ ತಗಡು. ತಗಡು ಚದರ ಮೀಟರಿಗೆ ಐದು ಕಿಲೋ. ಹೊರುವುದೇನೂ ಇಲ್ಲವೆಂದು ಚೌಕಟ್ಟನ್ನು ಕಡ್ಡಿಯಂತೆ ಸಣ್ಣ ಮಾಡುತ್ತಾರೆ. ಗಾಳಿ ಮಾಡಿನ ಮೇಲೆ ಹಾಯುವಾಗ ಅದನ್ನು ಕೆಳಕ್ಕೆ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಬೆಂಗಳೂರಿಗೆ ಮಾನಕ ಹೇಳುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್. ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 66 ಕಿಲೋ. ಅದರ ಅರ್ಧದಷ್ಟು ಮೇಲಕ್ಕೆ ಎಳೆದರೂ ಐದು ಕಿಲೋದ ತಗಡು ನಿಲ್ಲುವುದು ತೂಕದಿಂದಲ್ಲ, ಕಂಬದ ಬುಡದ ಬೋಲ್ಟಿನಿಂದ. ಮಳೆಗಾಲಕ್ಕೆ ಮುಂಚಿನ ಗಾಳಿಯಲ್ಲಿ ಪಕ್ಕದ ತೋಟಕ್ಕೆ ಹಾರಿಹೋದ ಅಂಗಳದ ಮಾಡುಗಳನ್ನು ನಾನೇ ಕಂಡಿದ್ದೇನೆ. ಮಾಡು ಮೇಲಕ್ಕೆ ಎದ್ದರೆ ಕತ್ತರಿಯಲ್ಲಿ ಎಳೆತ, ಒತ್ತಡಗಳು ಅದಲುಬದಲಾಗುತ್ತವೆ. ಎಳೆತಕ್ಕೆಂದು ಹಾಕಿದ ಸರಳಿನ ಮೇಲೆ ಒತ್ತಡ ಬಿದ್ದರೆ ಅದು ಸೊಟ್ಟಗೆ ಬಾಗಿ ನಿರುಪಯೋಗಿಯಾಗುತ್ತದೆ. ಮರದ ಅಡ್ಡತೊಲೆಯಾದರೆ ಎರಡಕ್ಕೂ ಒಗ್ಗೀತು. ನಮ್ಮದು ಹಂಚಿನ ಮಾಡು. ಅದರ ಭಾರವೇ ಅದನ್ನು ಹಿಡಿದಿದೆ.

ಕೆಲಸ ನಡೆದದ್ದು ಕಳೆದ ಬೇಸಿಗೆಯಲ್ಲಿ. ಹಂಚನ್ನೆಲ್ಲ ಇಳಿಸಿ, ಕತ್ತರಿಗಳಿಗೆ ಕೆಳಗಿನಿಂದ ಆಧಾರದ ಕಂಬ ಕೊಟ್ಟು, ಮೊದಲು ಸರಳು ಹಾಕಿ, ಆಮೇಲೆ ತೊಲೆ ಬಿಚ್ಚಿ, ಕೊಯ್ದು, ಓರೆತೊಲೆಗೆ ಜೋಡಿಸಿದ್ದಾಯಿತು. ಸರಳು ತನ್ನ ಭಾರಕ್ಕೆ ಜೋಲದಂತೆ ನೆತ್ತಿಯಿಂದ ಒಂದು ಸಣ್ಣ ಕಡ್ಡಿ ಇಳಿಬಿಟ್ಟು ನಡುವೆ ಎತ್ತಿ ಹಿಡಿದೆವು, ಹಳೆಯ ನಡುಗಂಬದ ಕೆಲಸವೇ ಅದು. ಸುಮಾರು 1,500 ಹಂಚುಗಳನ್ನು ಮತ್ತೆ ಏರಿಸುವಾಗ ಆಚಾರ್ರು ಎರಡೂ ಬದಿಗೆ ಜನ ನಿಲ್ಲಿಸಿ, ಈ ಕಡೆ ಒಂದು ಸಾಲು ಮುಗಿದರೆ ಆ ಕಡೆಯೂ ಒಂದು ಸಾಲು ಮುಗಿಯಬೇಕೆಂದು ಹಟ ಹಿಡಿದರು. ಒಂದೇ ಕಡೆ ಭಾರ ಬಿದ್ದರೆ ಕತ್ತರಿ ಓರೆಯಾಗುತ್ತದೆ.

ಹಂಚು ಹೊದಿಸುವ ಮೊದಲು ಅವರು ಸ್ಪ್ಯಾನರಿನಿಂದ ಮೂರು ಸರಳುಗಳನ್ನೂ ಒಮ್ಮೆ ತಟ್ಟಿದ್ದರು. ಸತ್ತ ಸದ್ದು. ಸಾಲು ಏರುತ್ತ ಹೋದಂತೆ ಮತ್ತೆ ಮತ್ತೆ ತಟ್ಟಿದರು. ಪ್ರತಿ ಸಲವೂ ದನಿ ಸ್ವಲ್ಪ ಸ್ವಲ್ಪ ಬಿಗಿಯಾಯಿತು. ನೆತ್ತಿಯ ಹಂಚು ಕೂರಿಸಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಕೊನೆಯ ಸಲ ತಟ್ಟಿದರು. ಎರಡು ಸರಳುಗಳು ಒಂದೇ ಶ್ರುತಿಯಲ್ಲಿ ಅಂದವು. ಬಾಗಿಲ ಕಡೆಯದು ತುಸು ಕೆಳಗಿತ್ತು. ತಮ್ಮನ ಮಗ ಏಣಿ ಹಿಡಿದ. ಆಚಾರ್ರು ಹತ್ತಿ ನಟ್ಟನ್ನು ಅರ್ಧ ಸುತ್ತು ಬಿಗಿದು, ಇಳಿದು ಬಂದು ಇನ್ನೊಮ್ಮೆ ತಟ್ಟಿ, “ಒಂದು ಮಳೆಗಾಲ ಹೋಗಲಿ ಮೇಷ್ಟ್ರೇ, ದೀಪಾವಳಿ ಆದ್ಮೇಲೆ ಬಂದು ಮತ್ತೊಮ್ಮೆ ನೋಡ್ತೇನೆ” ಎಂದು ಕೈ ತೊಳೆಯಲು ಹೋದರು.